ಮನೆಯಿಂದ ಕೆಲಸದಲ್ಲಿ ಖಾಸಗಿತನ: ವಿಡಿಯೊ ಕರೆ ಮತ್ತು ಚಾಟ್

ಮನೆಯಿಂದ ಕೆಲಸದಲ್ಲಿ ಖಾಸಗಿತನವೆಂದರೆ, ಮನೆಯಲ್ಲೇ ಕುಳಿತು ಉದ್ಯೋಗ ನಿರ್ವಹಿಸುವ ವ್ಯಕ್ತಿಯ ಮುಖ, ದನಿ, ಬರಹ, ಕಡತಗಳು, ವಾಸದ ಕೋಣೆ ಮತ್ತು ಮನೆಮಂದಿಯ ವಿವರಗಳು ವಿಡಿಯೊ ಕರೆ ಹಾಗೂ ಚಾಟ್‌ಗಳ ಮೂಲಕ ಉದ್ದೇಶಿತ ವ್ಯಕ್ತಿಗಳನ್ನು ದಾಟಿ ಹೋಗದಿರುವ ಸ್ಥಿತಿ. ಇದನ್ನು ಕಾಯಲು ಎನ್‌ಕ್ರಿಪ್ಷನ್‌ನಂಥ (ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವ) ತಾಂತ್ರಿಕ ಉಪಾಯಗಳು, ಸಭೆ ನಡೆಸುವ ಕ್ರಮಗಳು, ಮನೆಯೊಳಗಿನ ಏರ್ಪಾಡುಗಳು ಮತ್ತು ಕಾನೂನು ಬಳಕೆಯಲ್ಲಿವೆ.

ಈ ಲೇಖನದಲ್ಲಿ ‘ಖಾಸಗಿತನ’ವನ್ನು ವ್ಯಕ್ತಿಯ ಹಕ್ಕಿನ ಅರ್ಥದಲ್ಲೂ ‘ಗೋಪ್ಯತೆ’ಯನ್ನು ಸಂಸ್ಥೆಯ ಮಾಹಿತಿ ಹೊರಹೋಗಬಾರದೆಂಬ ಕಟ್ಟುಪಾಡಿನ ಅರ್ಥದಲ್ಲೂ ಬಳಸಲಾಗಿದೆ. ಇವೆರಡೂ ಯಾವಾಗಲೂ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಸಂಸ್ಥೆಯ ಗೋಪ್ಯತೆಗಾಗಿ ಉದ್ಯೋಗಿಯ ಕಂಪ್ಯೂಟರಿನಲ್ಲಿ ಹಾಕಿದ ನಿಗಾ ತಂತ್ರಾಂಶವೇ ಅವರ ಖಾಸಗಿತನವನ್ನು ಕಡಿಮೆ ಮಾಡಬಹುದು. ಸಭೆಯನ್ನು ಕರೆದು ನಿಯಂತ್ರಿಸುವವರು ‘ಹೋಸ್ಟ್’, ಸಂಸ್ಥೆಯ ಎಲ್ಲ ಖಾತೆಗಳ ಮೇಲೆ ಅಧಿಕಾರವುಳ್ಳವರು ‘ಅಡ್ಮಿನ್’.

ಹಿನ್ನೆಲೆ

ದೂರದಲ್ಲಿರುವವರನ್ನು ನೋಡುತ್ತಾ ಮಾತಾಡುವ ಸಾರ್ವಜನಿಕ ಸೇವೆ ಜರ್ಮನಿಯಲ್ಲಿ 1936ರಲ್ಲಿ ಬರ್ಲಿನ್ ಮತ್ತು ಲೈಪ್‌ಜಿಗ್ ನಡುವೆ ಆರಂಭವಾಯಿತು. ಕರೆ ಮಾಡುವವರು ಅದಕ್ಕೆಂದೇ ಇದ್ದ ಬೂತಿಗೆ ಹೋಗಬೇಕಿತ್ತು. ಮನೆಯ ಒಳಗನ್ನು ತೋರಿಸುವ ಪ್ರಶ್ನೆ ಇರಲಿಲ್ಲ. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ ‘ಪಿಕ್ಚರ್‌ಫೋನ್’ ಅನ್ನು 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಪ್ರದರ್ಶಿಸಿ, 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಾರಾಟಕ್ಕಿಟ್ಟಿತು. ತಿಂಗಳಿಗೆ 160 ಡಾಲರ್ ಬಾಡಿಗೆಯ ಆ ಸೇವೆ ನೆಲೆಯೂರಲಿಲ್ಲ. ಸಾಮಾನ್ಯ ಕಂಪ್ಯೂಟರಿನಲ್ಲಿ ಉಚಿತ ಕರೆ ಸಾಧ್ಯವಾದದ್ದು 2003ರಲ್ಲಿ ಬಂದ ಸ್ಕೈಪ್‌ನಿಂದ; ಅದಕ್ಕೆ ವಿಡಿಯೊ ಸೇರಿದ್ದು 2006ರ ಹೊತ್ತಿಗೆ. 2011ರಲ್ಲಿ ಸ್ಥಾಪನೆಯಾದ ಜೂಮ್ ಕಂಪನಿ 2013ರಲ್ಲಿ ತನ್ನ ಸೇವೆಯನ್ನು ಹೊರತಂದಿತು. ಮೈಕ್ರೊಸಾಫ್ಟ್ ಟೀಮ್ಸ್ ಮತ್ತು ಗೂಗಲ್ ಮೀಟ್ 2017ರಲ್ಲಿ ಬಂದವು.

ಖಾಸಗಿತನದ ಪ್ರಶ್ನೆ ಮನೆಮನೆಯ ಮಾತಾದದ್ದು 2020ರ ಲಾಕ್‌ಡೌನ್‌ನಲ್ಲಿ. ಜೂಮ್‌ನಲ್ಲಿ ದಿನವೊಂದಕ್ಕೆ ಸಭೆ ಸೇರುವವರ ಎಣಿಕೆ 2019ರ ಡಿಸೆಂಬರ್‌ನಲ್ಲಿ ಸುಮಾರು 1 ಕೋಟಿ ಇದ್ದದ್ದು ಮುಂದಿನ ಮಾರ್ಚ್‌ನಲ್ಲಿ 20 ಕೋಟಿ ದಾಟಿತೆಂದು ಕಂಪನಿ ಪ್ರಕಟಿಸಿತು (ಒಬ್ಬರೇ ಎರಡು ಸಭೆಗೆ ಹೋದರೆ ಎರಡು ಬಾರಿ ಎಣಿಸಲಾಗುತ್ತದೆ). ಭಾರತದಲ್ಲಿ ಕಾಲ್ ಸೆಂಟರ್ ಮತ್ತು ಹೊರಗುತ್ತಿಗೆ ಕಂಪನಿಗಳ ಮೇಲಿದ್ದ ಮನೆಯಿಂದ ಕೆಲಸದ ಷರತ್ತುಗಳನ್ನು ದೂರಸಂಪರ್ಕ ಇಲಾಖೆ ಆ ಮಾರ್ಚ್‌ನಲ್ಲಿ ತಾತ್ಕಾಲಿಕವಾಗಿ, ನವೆಂಬರ್ 5ರ ಮಾರ್ಗಸೂಚಿಯ ಮೂಲಕ ಕಾಯಂ ಆಗಿ ಸಡಿಲಿಸಿತು. ಬೆಂಗಳೂರಿನ ಐಟಿ, ಬಿಪಿಒ ನೌಕರರು ಊರುಗಳಿಗೆ ಮರಳಿ ಅಲ್ಲಿಂದಲೇ ಕೆಲಸ ಮಾಡಲು ಇದು ಕಾನೂನಿನ ದಾರಿ ತೆರೆಯಿತು. ಕಚೇರಿಯ ಗಾಜಿನ ಬಾಗಿಲು, ಗುರುತಿನ ಚೀಟಿ, ಮೊಬೈಲ್ ಒಳಗೆ ಬಿಡದ ಕಾವಲು ಇವೆಲ್ಲ ಮಾಡುತ್ತಿದ್ದ ಕೆಲಸವನ್ನು ಇನ್ನು ತಂತ್ರಾಂಶವೂ ಮನೆಯ ಬಾಗಿಲೂ ಮಾಡಬೇಕಾಯಿತು.

ದಿಢೀರ್ ಬೆಳವಣಿಗೆಯ ಜೊತೆಗೇ ದೋಷಗಳೂ ಬಯಲಾದವು. ಅಪರಿಚಿತರು ಸಭೆಗೆ ನುಗ್ಗಿ ಅಶ್ಲೀಲ ಚಿತ್ರ ತೋರಿಸುವ, ಬೈಗುಳ ಸುರಿಸುವ ಕೃತ್ಯಕ್ಕೆ ‘ಜೂಮ್‌ಬಾಂಬಿಂಗ್’ ಎಂಬ ಹೆಸರು ಬಿತ್ತು. ಅಮೆರಿಕದ ಎಫ್‌ಬಿಐ 2020ರ ಮಾರ್ಚ್ 30ರಂದು ಎಚ್ಚರಿಕೆ ನೀಡಿತು. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಏಪ್ರಿಲ್ 3ರಂದು ಪ್ರಕಟಿಸಿದ ವರದಿಯಲ್ಲಿ, ಜೂಮ್ ತಾನು ಹೇಳಿಕೊಂಡದ್ದಕ್ಕಿಂತ ದುರ್ಬಲವಾದ ಎನ್‌ಕ್ರಿಪ್ಷನ್ ಬಳಸುತ್ತಿದೆ, ಕೆಲವು ಕರೆಗಳ ಗೂಢಲಿಪಿ ಬಿಡಿಸುವ ಕೀಲಿಗಳು ಚೀನಾದ ಸರ್ವರ್‌ಗಳ ಮೂಲಕ ಹಾದಿವೆ ಎಂದು ತೋರಿಸಿತು. ಭಾರತದ ಗೃಹ ಸಚಿವಾಲಯ ಏಪ್ರಿಲ್ 16ರಂದು, ಸರ್ಕಾರಿ ಅಧಿಕಾರಿಗಳ ಕಚೇರಿ ಕೆಲಸಕ್ಕೆ ಜೂಮ್ ಸುರಕ್ಷಿತವಲ್ಲವೆಂದು ಸಲಹೆ ಹೊರಡಿಸಿ, ಖಾಸಗಿಯಾಗಿ ಬಳಸುವವರು ಬದಲಿಸಬೇಕಾದ ಸೆಟ್ಟಿಂಗ್‌ಗಳನ್ನೂ ತಿಳಿಸಿತು. ಅದೇ ತಿಂಗಳು ಸಭೆಗಳಿಗೆ ಪಾಸ್‌ವರ್ಡ್ ಮತ್ತು ವೇಯ್ಟಿಂಗ್ ರೂಮ್ ತಾವಾಗಿಯೇ ಅನ್ವಯಿಸುವಂತೆ ಜೂಮ್ ತಿದ್ದಿಕೊಂಡಿತು. ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆಯೆಂದು ಬಳಕೆದಾರರನ್ನು ದಾರಿತಪ್ಪಿಸಲಾಗಿತ್ತು ಎಂಬ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಆ ವರ್ಷದ ನವೆಂಬರ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ನಿಜವಾದ ಎಂಡ್-ಟು-ಎಂಡ್ ಆಯ್ಕೆ ಬಂದದ್ದು ಅದರ ಹಿಂದಿನ ತಿಂಗಳಷ್ಟೇ.

ಕರೆಯ ರಚನೆ

ವಿಡಿಯೊ ಕರೆಯಲ್ಲಿ ಕ್ಯಾಮೆರಾ ಮತ್ತು ಮೈಕ್ ಹಿಡಿದದ್ದನ್ನು ಆ್ಯಪ್ ಅಡಕಗೊಳಿಸಿ, ಎನ್‌ಕ್ರಿಪ್ಟ್ ಮಾಡಿ ಅಂತರ್ಜಾಲಕ್ಕೆ ಬಿಡುತ್ತದೆ. ಇಬ್ಬರ ನಡುವಿನ ಕರೆ ಹಲವು ವೇಳೆ ಒಂದು ಸಾಧನದಿಂದ ಇನ್ನೊಂದಕ್ಕೆ ನೇರವಾಗಿ ಸಾಗುತ್ತದೆ. ಆಗ ಒಬ್ಬರ ಐಪಿ ವಿಳಾಸ ಇನ್ನೊಬ್ಬರ ಸಾಧನಕ್ಕೆ ತಿಳಿಯುವುದರಿಂದ ಊರನ್ನು ಅಂದಾಜಿಸಬಹುದು. ವಾಟ್ಸ್ಆ್ಯಪ್ 2023ರಲ್ಲಿ ಇದನ್ನು ಮರೆಮಾಡುವ ಆಯ್ಕೆ ಕೊಟ್ಟಿತು. ಹೆಚ್ಚು ಜನರ ಸಭೆಯಲ್ಲಿ ನಡುವೆ ಸರ್ವರ್ ಇದ್ದು ಪ್ರತಿಯೊಬ್ಬರ ದೃಶ್ಯವನ್ನು ಉಳಿದವರಿಗೆ ಹಂಚುತ್ತದೆ.

ಆ ಸರ್ವರ್ ಬಳಿ ಕೀಲಿ ಇದೆಯೇ ಎಂಬುದರ ಮೇಲೆ ಎನ್‌ಕ್ರಿಪ್ಷನ್ ಎರಡು ಬಗೆ. ಹಾದಿಯ ಎನ್‌ಕ್ರಿಪ್ಷನ್‌ನಲ್ಲಿ ಮನೆಯ ವೈಫೈನಿಂದ ಸರ್ವರ್‌ವರೆಗೆ ಮತ್ತು ಅಲ್ಲಿಂದ ಮುಂದಕ್ಕೆ ಮಾಹಿತಿ ಗೂಢವಾಗಿರುತ್ತದೆ, ಆದರೆ ಸೇವಾದಾರ ಕಂಪನಿ ಬಯಸಿದರೆ ತೆರೆದು ನೋಡಬಲ್ಲದು. ಎಂಡ್-ಟು-ಎಂಡ್ ಬಗೆಯಲ್ಲಿ ಕೀಲಿ ಭಾಗವಹಿಸುವವರ ಸಾಧನಗಳಲ್ಲಿ ಮಾತ್ರ ಇರುತ್ತದೆ. ಸಿಗ್ನಲ್ ಆ್ಯಪ್‌ನಲ್ಲಿ ಆರಂಭದಿಂದಲೂ ವಾಟ್ಸ್ಆ್ಯಪ್‌ನಲ್ಲಿ 2016ರಿಂದಲೂ ಎಲ್ಲ ಖಾಸಗಿ ಸಂಭಾಷಣೆಗೆ ಇದೇ ವ್ಯವಸ್ಥೆ. ಕಚೇರಿಗಳು ಬಳಸುವ ಜೂಮ್, ಟೀಮ್ಸ್‌ಗಳಲ್ಲಿ ಇದನ್ನು ಆಯ್ದು ಚಾಲೂ ಮಾಡಬೇಕು. ಮಾಡಿದರೆ ಕೆಲವು ಅನುಕೂಲಗಳು ಕೈಬಿಡುತ್ತವೆ: ಜೂಮ್‌ನಲ್ಲಿ ಕ್ಲೌಡ್ ರೆಕಾರ್ಡಿಂಗ್ ಮತ್ತು ಸಾಮಾನ್ಯ ದೂರವಾಣಿಯಿಂದ ಸಭೆ ಸೇರುವ ಸೌಲಭ್ಯ ಸಿಗುವುದಿಲ್ಲ. ಕೀಲಿಯಿಲ್ಲದ ಸರ್ವರ್ ಏನನ್ನೂ ದಾಖಲಿಸಲಾರದು. ಸಂಸ್ಥೆಗಳು ಇದನ್ನು ಚಾಲೂ ಮಾಡದಿರಲು ಇದೂ ಒಂದು ಕಾರಣವಾಗಬಹುದು.

ಮಾತು ಗೂಢವಾಗಿದ್ದರೂ ಯಾರು, ಯಾರೊಡನೆ, ಯಾವಾಗ, ಎಷ್ಟು ಹೊತ್ತು ಮಾತಾಡಿದರು ಎಂಬ ಮೆಟಾಡೇಟಾ ಸೇವಾದಾರರಿಗೆ ಬಹುಮಟ್ಟಿಗೆ ಲಭ್ಯ.

ಸೋರಿಕೆಯ ಬಗೆಗಳು

ದಾಖಲಾದ ದೊಡ್ಡ ಪ್ರಕರಣಗಳಲ್ಲಿ ಗೂಢಲಿಪಿ ಒಡೆದು ನಡೆದವು ವಿರಳ. ಸೋರಿಕೆ ತುದಿಗಳಲ್ಲಿ, ಅಂದರೆ ಬಳಸುವವರ ಕಡೆಯಲ್ಲಿ, ಆಗಿದೆ.

ಮೊದಲನೆಯದು ಸಭೆಯ ಗುರುತು ಬಯಲಾಗುವುದು. ಬ್ರಿಟನ್ನಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ 2020ರ ಮಾರ್ಚ್ 31ರಂದು ಹಂಚಿಕೊಂಡ ಸಂಪುಟ ಸಭೆಯ ಚಿತ್ರದಲ್ಲಿ ಸಭೆಯ ಐಡಿ ಕಾಣುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ನೆದರ್ಲೆಂಡ್ಸ್ ರಕ್ಷಣಾ ಸಚಿವೆಯ ಟ್ವಿಟರ್ ಚಿತ್ರದಲ್ಲಿ ಐರೋಪ್ಯ ಒಕ್ಕೂಟದ ರಕ್ಷಣಾ ಸಚಿವರ ಸಭೆಯ ವಿಳಾಸ ಮತ್ತು 6 ಅಂಕಿಯ ಪಿನ್‌ನ 5 ಅಂಕಿಗಳು ಸಿಕ್ಕಿದ್ದರಿಂದ ಡಚ್ ಪತ್ರಕರ್ತರೊಬ್ಬರು ಸಭೆಯೊಳಕ್ಕೇ ಬಂದು ಕೈಬೀಸಿದರು. ಕರ್ನಾಟಕ ಹೈಕೋರ್ಟಿನ ಆನ್‌ಲೈನ್ ಕಲಾಪಕ್ಕೆ 2023ರ ಡಿಸೆಂಬರ್ ಮೊದಲ ವಾರ ಕಿಡಿಗೇಡಿಗಳು ನುಗ್ಗಿ ಅಶ್ಲೀಲ ದೃಶ್ಯ ಬಿತ್ತರಿಸಿದ್ದರಿಂದ ವಿಡಿಯೊ ಕಲಾಪ ಮತ್ತು ನೇರ ಪ್ರಸಾರವನ್ನು ನ್ಯಾಯಾಲಯ ಕೆಲಕಾಲ ನಿಲ್ಲಿಸಬೇಕಾಯಿತು. ಯಾರು ಬೇಕಾದರೂ ಸೇರಬಹುದಾದ ಕೊಂಡಿಯೇ ಇಂಥ ನುಗ್ಗಾಟದ ಮೂಲ.

ಎರಡನೆಯದು ಒಬ್ಬರ ದುರ್ಬಲ ಸಂಪರ್ಕದಿಂದ ಎಲ್ಲರ ಮಾತೂ ಸೋರುವುದು. ಜರ್ಮನಿಯ ವಾಯುಪಡೆ ಅಧಿಕಾರಿಗಳು 2024ರ ಫೆಬ್ರುವರಿಯಲ್ಲಿ ಟಾರಸ್ ಕ್ಷಿಪಣಿ ಕುರಿತು ವೆಬೆಕ್ಸ್ ಆ್ಯಪ್‌ನಲ್ಲಿ ನಡೆಸಿದ ಚರ್ಚೆ ಮಾರ್ಚ್ 1ರಂದು ರಷ್ಯಾದ ಮಾಧ್ಯಮದಲ್ಲಿ ಪ್ರಕಟವಾಯಿತು. ಸಿಂಗಪುರದಲ್ಲಿದ್ದ ಒಬ್ಬರು ಸುರಕ್ಷಿತವಲ್ಲದ ಸಂಪರ್ಕದಿಂದ ಸೇರಿದ್ದೇ ಕಾರಣವೆಂದು ಜರ್ಮನ್ ಸರ್ಕಾರ ಹೇಳಿತು.

ಮೂರನೆಯದು ತಪ್ಪು ವ್ಯಕ್ತಿ ಒಳಗಿರುವುದು. 2025ರ ಮಾರ್ಚ್‌ನಲ್ಲಿ ಅಮೆರಿಕದ ಉನ್ನತ ಅಧಿಕಾರಿಗಳು ಯೆಮನ್ ಮೇಲಿನ ದಾಳಿಯನ್ನು ಚರ್ಚಿಸುತ್ತಿದ್ದ ಸಿಗ್ನಲ್ ಗುಂಪಿಗೆ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಕಣ್ತಪ್ಪಿನಿಂದ ಸೇರ್ಪಡೆಯಾದರು. ಎನ್‌ಕ್ರಿಪ್ಷನ್ ಅವರಿಗೂ ಅಷ್ಟೇ ನಿಷ್ಠೆಯಿಂದ ಸಂದೇಶ ತಲುಪಿಸಿತು. ಇದರ ಇನ್ನೊಂದು ಮುಖ ಹುಸಿ ಮುಖ. ಎಂಜಿನಿಯರಿಂಗ್ ಸಂಸ್ಥೆ ಅರುಪ್‌ನ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು 2024ರಲ್ಲಿ, ವಿಡಿಯೊ ಸಭೆಯಲ್ಲಿ ಹಿರಿಯ ಅಧಿಕಾರಿಗಳಂತೆ ಕಂಡ ಡೀಪ್‌ಫೇಕ್‌ಗಳನ್ನು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು.

ನಾಲ್ಕನೆಯದು ಚೌಕಟ್ಟಿನೊಳಗೆ ಬೀಳುವ ಮನೆ. ಗೋಡೆಯ ಕುಟುಂಬ ಚಿತ್ರ, ದೇವರ ಕೋಣೆ, ಕಪಾಟಿನ ಮೇಲಿನ ಔಷಧಿ ಡಬ್ಬಿ, ಕಿಟಕಿಯಾಚೆಯ ಅಂಗಡಿ ಫಲಕ ಇವುಗಳಿಂದ ವಾಸಸ್ಥಳ, ನಂಬಿಕೆ, ಆರೋಗ್ಯ, ಆರ್ಥಿಕ ಸ್ಥಿತಿ ತಿಳಿದುಬಿಡುತ್ತವೆ. ಒಂದೆರಡು ಕೋಣೆಯ ಮನೆಗಳಲ್ಲಿ ಹಿನ್ನೆಲೆಯಲ್ಲಿ ಓಡಾಡುವವರು ಸಭೆಗೆ ಸೇರಿದವರೂ ಅಲ್ಲ, ರೆಕಾರ್ಡಿಂಗ್‌ಗೆ ಒಪ್ಪಿಗೆ ಕೊಟ್ಟವರೂ ಅಲ್ಲ. ಎದುರು ದಿಕ್ಕಿನ ಸೋರಿಕೆಯೂ ಉಂಟು: ಸ್ಪೀಕರಿನಲ್ಲಿ ಕೇಳುವ ಗ್ರಾಹಕರ ವಿವರ, ಸಂಬಳದ ಮಾತು, ರೋಗಿಯ ಸಮಾಲೋಚನೆ ಮನೆಮಂದಿಗೂ ಪಕ್ಕದ ಮನೆಯವರಿಗೂ ತಲುಪುತ್ತವೆ.

ಐದನೆಯ ಬಗೆ ಇನ್ನೂ ಹೆಚ್ಚಾಗಿ ಪ್ರಯೋಗಾಲಯದ ಮಟ್ಟದಲ್ಲಿದೆ. 720ಪಿ ವೆಬ್‌ಕ್ಯಾಮ್ ಇದ್ದಾಗ ಕನ್ನಡಕದ ಗಾಜಿನಲ್ಲಿ ಪ್ರತಿಫಲಿಸುವ, ಪರದೆಯ ಮೇಲೆ 10 ಮಿಲಿಮೀಟರ್ ಎತ್ತರವಿರುವ ಅಕ್ಷರಗಳನ್ನು ಶೇ 75ಕ್ಕೂ ಹೆಚ್ಚು ನಿಖರತೆಯಿಂದ ಗುರುತಿಸಬಹುದೆಂದು 2022ರ ಅಧ್ಯಯನವೊಂದು ತೋರಿಸಿತು. ಜೂಮ್‌ನಲ್ಲಿ ಕೇಳಿದ ಕೀಬೋರ್ಡ್ ಸದ್ದಿನಿಂದ ಒತ್ತಿದ ಕೀಗಳನ್ನು ಶೇ 93ರಷ್ಟು ನಿಖರವಾಗಿ ಊಹಿಸಬಹುದೆಂದು ಬ್ರಿಟನ್ನಿನ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಅದು ಒಂದೇ ಮಾದರಿಯ ಲ್ಯಾಪ್‌ಟಾಪಿನ ಮೇಲೆ ನಡೆದ ಪರೀಕ್ಷೆ. ಕರೆಯಲ್ಲಿದ್ದುಕೊಂಡೇ ಪಾಸ್‌ವರ್ಡ್ ಒತ್ತಬಾರದೆಂಬ ಸಲಹೆಗೆ ಇದು ಆಧಾರ.

ರಕ್ಷಣಾ ಕ್ರಮಗಳು

ಸಭೆಯ ಮಟ್ಟದಲ್ಲಿ ಮೊದಲ ಕ್ರಮ ಪ್ರತಿ ಸಭೆಗೂ ಹೊಸ ಐಡಿ. ಹೋಸ್ಟ್‌ನ ಕಾಯಂ ವೈಯಕ್ತಿಕ ಐಡಿಯನ್ನು ಬಳಸಿದರೆ ಹಳೆಯ ಸಭೆಗೆ ಬಂದವರು ಮುಂದಿನದಕ್ಕೂ ತಲುಪಬಲ್ಲರು. ವೇಯ್ಟಿಂಗ್ ರೂಮ್‌ನಲ್ಲಿ ಹೆಸರು ನೋಡಿ ಒಳಬಿಡುವುದು, ಎಲ್ಲರೂ ಬಂದ ಮೇಲೆ ಸಭೆಗೆ ಬೀಗ ಹಾಕುವುದು, ಪರದೆ ಹಂಚುವ ಅಧಿಕಾರವನ್ನು ಹೋಸ್ಟ್‌ಗೆ ಸೀಮಿತಗೊಳಿಸುವುದು, ಸಭೆಯ ಕೊಂಡಿಯನ್ನು ಸಾರ್ವಜನಿಕ ಗುಂಪುಗಳಲ್ಲಿ ಹಾಕದಿರುವುದು ಉಳಿದ ಕ್ರಮಗಳು. ಹೆಸರು ಮಾತ್ರ ನೋಡುವುದು ಸಾಲದು; ಹೆಸರನ್ನು ಯಾರೂ ಹೇಗೂ ಬರೆದುಕೊಳ್ಳಬಹುದು. ಸಂಸ್ಥೆಯ ಖಾತೆಯಿಂದ ಲಾಗಿನ್ ಆದವರಿಗಷ್ಟೇ ಪ್ರವೇಶ ಕೊಡುವುದು ಇದಕ್ಕಿಂತ ಗಟ್ಟಿ. ಹಣ ಅಥವಾ ಪಾಸ್‌ವರ್ಡ್ ಕೇಳುವ ಕರೆ ಬಂದಾಗ, ಕರೆ ಮುಗಿಸಿ ಮೊದಲೇ ತಿಳಿದಿರುವ ಸಂಖ್ಯೆಗೆ ಮರಳಿ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಡೀಪ್‌ಫೇಕ್ ವಂಚನೆಗೆ ಸದ್ಯದ ನಂಬಲರ್ಹ ತಡೆ.

ಪರದೆ ಹಂಚುವಾಗ ಇಡೀ ಪರದೆಯ ಬದಲು ಒಂದೇ ವಿಂಡೊ ಹಂಚುವುದು, ನೋಟಿಫಿಕೇಷನ್ ನಿಲ್ಲಿಸುವುದು ರೂಢಿ. ವಾಟ್ಸ್ಆ್ಯಪ್ ವೆಬ್ ತೆರೆದಿರುವ ಬ್ರೌಸರನ್ನೇ ಹಂಚಿ, ಮನೆಯವರ ಸಂದೇಶ ಇಡೀ ತಂಡಕ್ಕೆ ಕಾಣಿಸುವುದು ದಿನನಿತ್ಯದ ಸೋರಿಕೆ. ಕಚೇರಿ ಕೆಲಸಕ್ಕೆ ಬೇರೆ ಬ್ರೌಸರ್ ಪ್ರೊಫೈಲ್ ಇಟ್ಟುಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಕೋಣೆಯ ಮಟ್ಟದಲ್ಲಿ ಗೋಡೆಗೆ ಬೆನ್ನು ಮಾಡಿ ಕೂರುವುದು ಎಲ್ಲಕ್ಕಿಂತ ಸರಳ. ಆ್ಯಪ್‌ಗಳು ಕೊಡುವ ಮಸುಕು ಹಿನ್ನೆಲೆ ಮತ್ತು ಕೃತಕ ಹಿನ್ನೆಲೆ ಪೂರ್ತಿ ಮುಚ್ಚುವುದಿಲ್ಲ. ತಲೆ ಅಲುಗಾಡಿದಾಗ, ಕುರ್ಚಿ ತಿರುಗಿದಾಗ ಅಂಚುಗಳಲ್ಲಿ ನಿಜವಾದ ಕೋಣೆಯ ತುಣುಕುಗಳು ಇಣುಕುತ್ತವೆ. ಹೆಡ್‌ಫೋನ್ ಹಾಕಿದರೆ ಎದುರಿನವರ ಮಾತಷ್ಟೇ ಮನೆಯವರಿಗೆ ಕೇಳಿಸದು. ತನ್ನ ಮಾತಿಗೆ ಬಾಗಿಲೇ ಬೇಕು. ಲ್ಯಾಪ್‌ಟಾಪ್ ಕ್ಯಾಮೆರಾಗೆ ಅಂಟುಪಟ್ಟಿ ಅಥವಾ ಜಾರುಮುಚ್ಚಳ ಹಾಕುವ ಅಭ್ಯಾಸ 2016ರಲ್ಲಿ ಮಾರ್ಕ್ ಜುಕರ್‌ಬರ್ಗ್ ಅವರ ಮೇಜಿನ ಚಿತ್ರ ಹರಿದಾಡಿದ ಮೇಲೆ ಇನ್ನಷ್ಟು ಹಬ್ಬಿತು. ದಪ್ಪ ಮುಚ್ಚಳ ಹಾಕಿ ಮ್ಯಾಕ್‌ಬುಕ್ ಮಡಿಸಿದರೆ ಪರದೆ ಒಡೆಯಬಹುದೆಂದು ಆ್ಯಪಲ್ 2020ರಲ್ಲಿ ಎಚ್ಚರಿಸಿತು.

ಮ್ಯೂಟ್ ಗುಂಡಿಯ ಭರವಸೆಗೂ ಮಿತಿಯಿದೆ. ಮ್ಯೂಟ್ ಆಗಿದ್ದಾಗಲೂ ಹಲವು ಆ್ಯಪ್‌ಗಳು ಮೈಕ್‌ನಿಂದ ಮಾಹಿತಿ ಪಡೆಯುತ್ತಿರುತ್ತವೆಂದು ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡ 2022ರಲ್ಲಿ ತೋರಿಸಿತು. ಮೈಕ್‌ನಲ್ಲೇ ಇರುವ ಗುಂಡಿ ಅಥವಾ ಆಪರೇಟಿಂಗ್ ಸಿಸ್ಟಂನ ಅನುಮತಿ ಹಿಂಪಡೆಯುವುದು ಇದಕ್ಕಿಂತ ಖಚಿತ. ಐಒಎಸ್ 14 ಮತ್ತು ಆಂಡ್ರಾಯ್ಡ್ 12ರಿಂದ ಕ್ಯಾಮೆರಾ, ಮೈಕ್ ಬಳಕೆಯಲ್ಲಿರುವಾಗ ಮೊಬೈಲ್ ಪರದೆಯ ಮೂಲೆಯಲ್ಲಿ ಸೂಚಕ ಕಾಣುತ್ತದೆ.

ಚಾಟ್‌ನ ವಿಶೇಷಗಳು

ಆಡಿದ ಮಾತಿಗೂ ಚಾಟ್‌ಗೂ ಮುಖ್ಯ ವ್ಯತ್ಯಾಸ ಉಳಿಕೆ. ಸ್ಲ್ಯಾಕ್, ಟೀಮ್ಸ್‌ನಂಥ ಕಚೇರಿ ಆ್ಯಪ್‌ಗಳಲ್ಲಿ ಇಬ್ಬರ ನಡುವಿನ ‘ಡೈರೆಕ್ಟ್ ಮೆಸೇಜ್’ ಸಹೋದ್ಯೋಗಿಗಳಿಗೆ ಕಾಣದು. ಆದರೆ ಸಂಸ್ಥೆಯ ಯೋಜನೆ ಮತ್ತು ನಿಯಮಗಳಿಗೆ ತಕ್ಕಂತೆ ಅಡ್ಮಿನ್ ಅದನ್ನು ಹೊರತೆಗೆಯಬಲ್ಲರು. ಬಳಕೆದಾರ ಅಳಿಸಿದ ಸಂದೇಶವೂ ಸಂಸ್ಥೆಯ ಸಂಗ್ರಹಣಾ ನೀತಿಯಂತೆ ಉಳಿದಿರಬಹುದು. ವಿಡಿಯೊ ಸಭೆಯ ನಡುವೆ ಒಬ್ಬರಿಗೇ ಕಳಿಸಿದ ಸಂದೇಶ, ಕಳಿಸಿದವರು ಅಥವಾ ಪಡೆದವರು ಚಾಟ್ ಉಳಿಸಿಕೊಂಡರೆ ಆ ಕಡತದಲ್ಲಿ ಸೇರುತ್ತದೆ. ಆ ಕಡತವನ್ನೇ ಸಭೆಯ ನಡಾವಳಿಯೆಂದು ಎಲ್ಲರಿಗೂ ಕಳಿಸಿಬಿಡುವುದು ಮುಜುಗರದ ತಪ್ಪು.

ಭಾರತದ ಕಚೇರಿಗಳಲ್ಲಿ ಅಧಿಕೃತ ಆ್ಯಪ್ ಜೊತೆಗೆ ವಾಟ್ಸ್ಆ್ಯಪ್ ಗುಂಪೂ ನಡೆಯುತ್ತದೆ. ಇಲ್ಲಿ ಸಂದೇಶಗಳು ಎಂಡ್-ಟು-ಎಂಡ್ ಗೂಢವಾಗಿದ್ದರೂ ಮೂರು ಕಡೆ ಗಮನ ಬೇಕು. ಗುಂಪಿನಲ್ಲಿ ಎಲ್ಲರ ವೈಯಕ್ತಿಕ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ಕ್ಲೌಡ್ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಬಂದದ್ದು 2021ರಲ್ಲಿ, ಅದನ್ನು ಬಳಕೆದಾರರೇ ಚಾಲೂ ಮಾಡಬೇಕು. ‘ಲಿಂಕ್ಡ್ ಡಿವೈಸಸ್’ ಪಟ್ಟಿಯಲ್ಲಿ ಹಳೆಯ ಕಂಪ್ಯೂಟರ್ ಉಳಿದಿದ್ದರೆ ಸಂದೇಶಗಳು ಅಲ್ಲೂ ತೆರೆದುಕೊಳ್ಳುತ್ತಿರುತ್ತವೆ. ಕೆಲಸ ಬಿಟ್ಟವರನ್ನು ಗುಂಪಿನಿಂದ ತೆಗೆಯಲು ಮರೆಯುವುದನ್ನೂ ಇದಕ್ಕೆ ಸೇರಿಸಬಹುದು. ಮಕ್ಕಳೂ ಬಳಸುವ ಮೊಬೈಲಿನಲ್ಲಿ ಆ್ಯಪ್ ಲಾಕ್ ಕನಿಷ್ಠ ಏರ್ಪಾಡು. ತಾನಾಗಿ ಮರೆಯಾಗುವ ಸಂದೇಶಗಳು ಸಂಗ್ರಹವನ್ನು ಕಡಿಮೆ ಮಾಡುತ್ತವೆ. ಆದರೆ ಸ್ಕ್ರೀನ್‌ಶಾಟ್ ತಡೆಯುವ ಭರವಸೆ ಕೊಡುವುದಿಲ್ಲ.

ಉದ್ಯೋಗದಾತರ ನಿಗಾ

ಜೂಮ್‌ನಲ್ಲಿ ಪರದೆ ಹಂಚಿಕೆಯ ವೇಳೆ ಯಾರು ಬೇರೆ ವಿಂಡೊಗೆ ಹೋದರೆಂದು ಹೋಸ್ಟ್‌ಗೆ ತೋರಿಸುವ ‘ಗಮನ ಪತ್ತೆ’ ಸೌಲಭ್ಯ ಇತ್ತು; 2020ರ ಏಪ್ರಿಲ್‌ನಲ್ಲಿ ಅದನ್ನು ತೆಗೆಯಲಾಯಿತು. ಉದ್ಯೋಗಿಗಳ ಹೆಸರು ಸಹಿತ ಚಟುವಟಿಕೆ ತೋರಿಸುತ್ತಿದ್ದ ಮೈಕ್ರೊಸಾಫ್ಟ್‌ನ ‘ಪ್ರೊಡಕ್ಟಿವಿಟಿ ಸ್ಕೋರ್’ನಿಂದ ಅದೇ ವರ್ಷದ ಕೊನೆಗೆ ಹೆಸರುಗಳನ್ನು ಕೈಬಿಡಲಾಯಿತು. ನೆದರ್ಲೆಂಡ್ಸ್‌ನ ನ್ಯಾಯಾಲಯವೊಂದು 2022ರಲ್ಲಿ, ದಿನವಿಡೀ ವೆಬ್‌ಕ್ಯಾಮ್ ಚಾಲೂ ಇಡಲು ಒಪ್ಪದ ಉದ್ಯೋಗಿಯನ್ನು ವಜಾ ಮಾಡಿದ ಅಮೆರಿಕದ ಕಂಪನಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಐರೋಪ್ಯ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯನ್ನು ನ್ಯಾಯಾಲಯ ಉಲ್ಲೇಖಿಸಿತು. 2022ರಿಂದ ಪೋರ್ಚುಗಲ್‌ನ ಕಾನೂನು ದೂರದಿಂದ ದುಡಿಯುವವರ ಖಾಸಗಿತನಕ್ಕೆ ಧಕ್ಕೆ ತರುವ ಚಿತ್ರ, ದನಿ ಸಂಗ್ರಹವನ್ನು ನಿಷೇಧಿಸುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ಅದೇ ವರ್ಷದ ಮೇ ತಿಂಗಳಿಂದ ವಿದ್ಯುನ್ಮಾನ ನಿಗಾದ ಬಗ್ಗೆ ಲಿಖಿತ ಸೂಚನೆ ಕಡ್ಡಾಯ.

ಭಾರತದ ಕಾನೂನು

ಖಾಸಗಿತನವು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾದ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಇ ಕಲಮು ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದನ್ನೂ ಹರಡುವುದನ್ನೂ 3 ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾದ ಅಪರಾಧವಾಗಿಸಿದೆ. ಮಹಿಳೆಯರನ್ನು ಕದ್ದು ನೋಡುವ, ಚಿತ್ರೀಕರಿಸುವ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಬರುತ್ತದೆ. ಸೈಬರ್ ಅಪರಾಧದ ದೂರಿಗೆ 1930 ಸಹಾಯವಾಣಿ ಇದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ದತ್ತಾಂಶ ಬಳಸಲು ಸಾಮಾನ್ಯವಾಗಿ ಒಪ್ಪಿಗೆ ಬೇಕು. ಆದರೆ 7ನೇ ಕಲಮು ಉದ್ಯೋಗದ ಉದ್ದೇಶಗಳಿಗೆ ಮತ್ತು ಉದ್ಯೋಗದಾತರನ್ನು ನಷ್ಟದಿಂದ ಕಾಪಾಡುವ ಉದ್ದೇಶಗಳಿಗೆ ವಿನಾಯಿತಿ ನೀಡುತ್ತದೆ. ಮನೆಯಿಂದ ದುಡಿಯುವವರ ಮಟ್ಟಿಗೆ ಈ ಕಾಯ್ದೆಯ ಬಹುಮುಖ್ಯ ವಾಕ್ಯ ಇದೇ ಎನ್ನಬಹುದು. ‘ಉದ್ಯೋಗದ ಉದ್ದೇಶ’ ಎಲ್ಲಿಗೆ ನಿಲ್ಲುತ್ತದೆಂದು ಅಲ್ಲಿ ವಿವರಿಸಿಲ್ಲ. ದತ್ತಾಂಶ ರಕ್ಷಣೆಯಲ್ಲಿ ವಿಫಲವಾದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ವ್ಯಕ್ತಿಯೊಬ್ಬರು ಮನೆಬಳಕೆಗೆ ಮಾಡಿದ ರೆಕಾರ್ಡಿಂಗ್ ಈ ಕಾಯ್ದೆಯ ಹೊರಗುಳಿಯುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ಬಳಿಕ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ಇಂದಿನ ಸ್ಥಿತಿ

ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ದೊಡ್ಡ ಗುಂಪುಗಳಲ್ಲೂ ಎಂಡ್-ಟು-ಎಂಡ್ ಕೀಲಿಗಳನ್ನು ಸಮರ್ಥವಾಗಿ ನಿರ್ವಹಿಸುವ ‘ಮೆಸೇಜಿಂಗ್ ಲೇಯರ್ ಸೆಕ್ಯುರಿಟಿ’ ಎಂಬ ಮುಕ್ತ ಮಾನದಂಡ 2023ರ ಜುಲೈನಲ್ಲಿ ಪ್ರಕಟವಾಯಿತು. ಸಭೆಯನ್ನು ಕೇಳಿ ಟಿಪ್ಪಣಿ ಬರೆಯುವ ಕೃತಕ ಬುದ್ಧಿಮತ್ತೆಯ ಸಹಾಯಕಗಳು ಈಗಿನ ಹೊಸ ಪ್ರಶ್ನೆ. ಇವು ಒಬ್ಬ ಸದಸ್ಯನಂತೆ ಸಭೆಗೆ ಸೇರುತ್ತವೆ, ಇಲ್ಲವೆ ಆ್ಯಪ್‌ನೊಳಗೇ ಇರುತ್ತವೆ; ಎರಡರಲ್ಲೂ ಮಾತಿನ ಪ್ರತಿ ಮೂರನೆಯ ಕಂಪನಿಗೆ ಹೋಗುವ ಸಾಧ್ಯತೆಯಿದೆ. ಗ್ರಾಹಕರ ಮಾತು, ಬರಹಗಳನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಬಹುದೆಂಬ ಅರ್ಥ ಬರುವ ಷರತ್ತಿಗಾಗಿ 2023ರ ಆಗಸ್ಟ್‌ನಲ್ಲಿ ಜೂಮ್ ಟೀಕೆಗೆ ಒಳಗಾಗಿ, ಆ ಬಳಕೆ ಇಲ್ಲವೆಂದು ಷರತ್ತನ್ನು ತಿದ್ದಿತು. ಹಲವು ಆ್ಯಪ್‌ಗಳು ರೆಕಾರ್ಡಿಂಗ್ ಶುರುವಾದಾಗ ಭಾಗವಹಿಸುವವರಿಗೆ ಸೂಚನೆ ತೋರಿಸುತ್ತವೆ. ಆ ಸೂಚನೆ ಹೋಗುವುದು ಲಾಗಿನ್ ಆದವರ ಪರದೆಗೆ. ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವವರಿಗೆ ಅದನ್ನು ತಿಳಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ.